ಲಿಸ್ಬನ್: ಎರಡು ದಿಬ್ಬ, ನಡುವೆ ಒಂದು ನೇರ ಊರು

ಪ್ರಶ್ನೆ: ಮಗಳು ಓದಲು ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಿ ಎಂಟು ತಿಂಗಳಾಯಿತು. ವಿಡಿಯೋ ಕಾಲ್‌ನಲ್ಲಿ ಒಮ್ಮೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿರುವ ಅಗಲ ರಸ್ತೆ ತೋರಿಸುತ್ತಾಳೆ. ಐದು ನಿಮಿಷ ಬಿಟ್ಟು ನೋಡಿದರೆ ಇಬ್ಬರು ಜೊತೆಗೆ ನಡೆಯಲಾಗದ ಓಣಿಯಲ್ಲಿ ಮೆಟ್ಟಿಲು ಹತ್ತುತ್ತಿರುತ್ತಾಳೆ. ಒಂದೇ ಊರು ಹೀಗೆ ಎರಡು ಥರ ಯಾಕಿದೆ? ಎದುರಿಗೆ ಕಾಣುವ ನೀರನ್ನು ಒಮ್ಮೆ ನದಿ ಅನ್ನುತ್ತಾಳೆ, ಒಮ್ಮೆ ಸಮುದ್ರ ಅನ್ನುತ್ತಾಳೆ. ಯಾವುದು ಸರಿ? ಜೂನ್‌ನಲ್ಲಿ ನಾನೂ ನಮ್ಮ ಯಜಮಾನರೂ ಹೋಗುತ್ತಿದ್ದೇವೆ. ಸುಮ್ನೆ ಫೋಟೋ ತೆಗೆದುಕೊಂಡು ಬರುವ ಬದಲು ಊರನ್ನು ಸ್ವಲ್ಪ ಅರ್ಥ ಮಾಡಿಕೊಂಡು ನೋಡಬೇಕು ಅಂತ ಆಸೆ.
ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಹಳೇ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಆ ಕೆಲಸದ ಮೇಲೆ ಲಿಸ್ಬನ್‌ನಲ್ಲಿ ಕೆಲವು ವರ್ಷ ಇದ್ದೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಲ್ಲಿಗೆ ಹೋದವರೆಲ್ಲ ಆ ಎರಡು ಥರದ ರಸ್ತೆಗಳಲ್ಲಿ ನಡೆದಿರುತ್ತಾರೆ, ಆದರೆ ಯಾಕೆ ಹೀಗೆ ಅಂತ ಕೇಳುವವರು ಕಡಿಮೆ.

ನೀರಿನಿಂದ ಶುರು ಮಾಡೋಣ. ರಸ್ತೆಗಳ ಗುಟ್ಟೂ ಅಲ್ಲೇ ಇದೆ.

ಮಗಳು ಎರಡು ಸಲವೂ ಸರಿಯಾಗೇ ಹೇಳಿದ್ದಾಳೆ. ಅದು ತೇಜು ನದಿ. ಸ್ಪೇನಿನ ಬೆಟ್ಟಗಳಲ್ಲಿ ಹುಟ್ಟಿ, ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ಹರಿದು, ಲಿಸ್ಬನ್ ದಾಟಿದ ಕೂಡಲೇ ಅಟ್ಲಾಂಟಿಕ್ ಸೇರುತ್ತದೆ. ನಮ್ಮ ಕರಾವಳಿಯವರ ಮಾತಲ್ಲಿ ಹೇಳುವುದಾದರೆ ಊರು ಕೂತಿರುವುದು ಅಳಿವೆಯ ದಡದಲ್ಲಿ. ಈ ಅಳಿವೆಯ ಆಕಾರ ವಿಶೇಷ. ಊರಿಗೆ ಬರುವ ಮೊದಲು ನದಿ ದೊಡ್ಡ ಕೆರೆಯಂತೆ ಹರಡಿಕೊಳ್ಳುತ್ತದೆ, ಎದುರು ದಡ ಮಬ್ಬಾಗಿ ಕಾಣುವಷ್ಟು. ಆ ಹರವಿಗೆ ಅಲ್ಲಿನವರು 'ಮಾರ್ ದ ಪಾಲ್ಯಾ' ಎನ್ನುತ್ತಾರೆ, ಅಂದರೆ ಒಣಹುಲ್ಲಿನ ಸಮುದ್ರ. ಆಮೇಲೆ ಊರಿನ ಮುಂದೆ ನೀರು ಸುಮಾರು ಎರಡು ಕಿ.ಮೀ. ಅಗಲಕ್ಕೆ ಬಿಗಿಯಾಗಿ ಸಮುದ್ರಕ್ಕೆ ಹೋಗುತ್ತದೆ. ಹೂಜಿಯ ಥರ: ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಹಡಗು ಒಳಗೆ ಬರುತ್ತದೆ, ಸಮುದ್ರದ ದೊಡ್ಡ ಅಲೆ ಹೊರಗೇ ಉಳಿಯುತ್ತದೆ. ಬಂದರಿಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಫಿನೀಷಿಯನ್ನರು ಬಂದದ್ದೂ, ರೋಮನ್ನರು 'ಒಲಿಸಿಪೊ' ಅಂತ ಊರು ಕಟ್ಟಿದ್ದೂ, ಆಮೇಲೆ ಅರಬ್ಬರು 'ಅಲ್ ಉಶ್ಬೂನಾ' ಅಂತ ಕರೆದು ನಾಲ್ಕು ನೂರು ವರ್ಷ ಉಳಿದದ್ದೂ ಈ ಹೂಜಿಗಾಗಿ.

ಇನ್ನು ನೆಲ. ಲಿಸ್ಬನ್ ಏಳು ದಿಬ್ಬಗಳ ಊರು ಅಂತ ಎಲ್ಲ ಕಡೆ ಓದುತ್ತೀರಿ. ಅದು ರೋಮ್‌ಗೆ ಸಾಟಿ ಅಂತ ತೋರಿಸಲು ಹುಟ್ಟಿದ ಮಾತು. ಎಣಿಸುತ್ತಾ ಹೋದರೆ ಜಾಸ್ತಿನೇ ಸಿಗುತ್ತವೆ. ನೀವು ಎರಡನ್ನು ನೆನಪಿಟ್ಟುಕೊಂಡರೆ ಸಾಕು. ನದಿಗೆ ಮುಖ ಮಾಡಿ ನಿಂತರೆ ಎಡಕ್ಕೆ, ಅಂದರೆ ಪೂರ್ವಕ್ಕೆ, ಕೋಟೆಯ ದಿಬ್ಬ. ಬಲಕ್ಕೆ ಶಿಯಾದು ಮತ್ತು ಬೈರು ಆಲ್ತು ಕೇರಿಗಳ ದಿಬ್ಬ. ನಡುವೆ ತಗ್ಗು. ಆ ತಗ್ಗಿನ ಹೆಸರೇ 'ಬೈಶಾ', ಕೆಳಗಿನದು ಅಂತ ಅರ್ಥ. ಒಂದು ಕಾಲಕ್ಕೆ ಅಲ್ಲಿ ನದಿಯ ನೀರು ಒಳಗೆ ಚಾಚಿಕೊಂಡಿತ್ತು. ಎರಡು ಹಳ್ಳಗಳು ಬಂದು ಅದಕ್ಕೆ ಸೇರುತ್ತಿದ್ದವು. ಮಣ್ಣು, ಹೂಳು ತುಂಬಿ ತುಂಬಿ ಅದು ನೆಲವಾಯಿತು. ದಿಬ್ಬಗಳ ಮೇಲೆ ಗಟ್ಟಿ ನೆಲ, ನಡುವೆ ನೀರು ಕುಡಿದ ಹೂಳು. ಇದನ್ನು ಮನಸ್ಸಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಮಗಳು ಮೆಟ್ಟಿಲು ಹತ್ತುವ ಓಣಿಗಳು ಕೋಟೆ ದಿಬ್ಬದ ನದಿ ಕಡೆಯ ಇಳಿಜಾರಿನಲ್ಲಿರುವ ಅಲ್ಫಾಮಾದ್ದೇ ಇರಬೇಕು. ಹೆಸರು ಅರಬ್ಬಿಯಿಂದ ಬಂದದ್ದು, ಬಿಸಿನೀರಿನ ಬುಗ್ಗೆ ಅಂತ ಅರ್ಥ. ಓಣಿಗಳ ಜಾಡು ಅರಬ್ಬರ ಕಾಲದಿಂದ ಬಂದದ್ದು. 1147ರಲ್ಲಿ ಅಫೊನ್ಸು ಹೆನ್ರಿಕೆಸ್ ಎಂಬ ದೊರೆ ಊರಿಗೆ ಮುತ್ತಿಗೆ ಹಾಕಿದ. ಧರ್ಮಯುದ್ಧಕ್ಕೆಂದು ಜೆರುಸಲೇಂ ಕಡೆಗೆ ಹೊರಟಿದ್ದ ಇಂಗ್ಲಿಷ್, ಫ್ಲೆಮಿಶ್, ಜರ್ಮನ್ ಸೈನಿಕರ ಹಡಗುಗಳು ದಾರಿಯಲ್ಲಿ ಅವನ ಜೊತೆ ಸೇರಿದವು. ಬೇಸಿಗೆಯಲ್ಲಿ ಶುರುವಾದ ಮುತ್ತಿಗೆ ಅಕ್ಟೋಬರ್‌ನಲ್ಲಿ ಮುಗಿಯಿತು. ಉಳಿದ ಮುಸ್ಲಿಮರನ್ನು ಗೋಡೆಯ ಹೊರಗೆ, ಕೋಟೆಯ ಹಿಂದಿನ ಇಳಿಜಾರಿಗೆ ಕಳಿಸಿದರು. ಆ ಕೇರಿಗೆ ಇವತ್ತಿಗೂ 'ಮೊರಾರಿಯಾ' ಎಂದೇ ಹೆಸರು. ಇನ್ನೊಂದು ನೂರು ವರ್ಷದಲ್ಲಿ ರಾಜಧಾನಿ ಕೊಯಿಂಬ್ರಾದಿಂದ ಇಲ್ಲಿಗೆ ಬಂತು.

ಈಗ ನಮ್ಮ ಕಡೆಗೂ ತಾಗುವ ಮಾತು. 1497ರ ಜುಲೈ 8ರಂದು ವಾಸ್ಕೋ ಡ ಗಾಮ ಹೊರಟದ್ದು ಇದೇ ನದಿಯಿಂದ, ಊರಿನ ಪಶ್ಚಿಮಕ್ಕಿರುವ ಬೆಲೇಂ ದಂಡೆಯಿಂದ. ಕಲ್ಲಿಕೋಟೆಗೆ ಬಂದ ಕಥೆ ಎಲ್ಲರಿಗೂ ಗೊತ್ತು. ವಾಪಸ್ ಹೋಗುವಾಗ ಅವನು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿದ್ದು ಕೆಲವರಿಗೆ ಮಾತ್ರ ಗೊತ್ತು. ಆಮೇಲೆ ಗೇರುಸೊಪ್ಪೆ ಸೀಮೆಯ ಕಾಳುಮೆಣಸು ಭಟ್ಕಳ, ಹೊನ್ನಾವರದ ಬಂದರುಗಳಿಂದ ಹಡಗು ಹತ್ತಿತು. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಎನ್ನುವುದನ್ನು ಶಿವಮೊಗ್ಗದವರಾದ ನಿಮಗೆ ನಾನು ಹೇಳಬೇಕಿಲ್ಲ.

ಆ ಮೆಣಸು ಲಿಸ್ಬನ್‌ನಲ್ಲಿ ಏನಾಯಿತು ಅಂತ ಕಣ್ಣಾರೆ ನೋಡಬೇಕಾದರೆ ಬೆಲೇಂನ ಜೆರೋನಿಮುಸ್ ಮಠಕ್ಕೆ ಹೋಗಿ. 1501ರಲ್ಲಿ ಕೆಲಸ ಶುರುವಾಯಿತು. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರ ತೆರಿಗೆ ಇದಕ್ಕೆ ಹೋಯಿತು. ಒಳಾಂಗಣದ ಕಂಬಗಳ ಹತ್ತಿರ ನಿಂತು ನೋಡಿ. ಕೆನೆ ಬಣ್ಣದ ಸುಣ್ಣಕಲ್ಲು. ಅದರಲ್ಲಿ ಹಡಗಿನ ಹಗ್ಗ, ಹಗ್ಗದ ಗಂಟು, ಎಲೆ, ಬಳ್ಳಿ, ನಾವಿಕರ ಗೋಳ, ಎಲ್ಲವನ್ನೂ ಕೆತ್ತಿದ್ದಾರೆ. ಹಗ್ಗದ ಎಳೆ ಎಳೆಯೂ ಬೇರೆ ಬೇರೆ ಕಾಣುತ್ತದೆ. ಹಳೇಬೀಡು ನೋಡಿ ಬೆಳೆದ ಕಣ್ಣಿಗೂ ಅದು ಕಡಿಮೆ ಅನಿಸುವುದಿಲ್ಲ. ಗಾಮನ ಸಮಾಧಿ ಇರುವುದೂ ಅದೇ ಮಠದ ಇಗರ್ಜಿಯಲ್ಲಿ. ಎರಡನೇ ಸಲ ನಮ್ಮ ಕಡಲಿಗೆ ಬಂದಾಗ, 1502ರಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಗಳ ಹಡಗನ್ನು ಜನರ ಸಮೇತ ಸುಟ್ಟವನು ಅವನು. ಆ ಸಮಾಧಿಯ ಮುಂದೆ ನಿಂತಾಗ ನನಗೆ ಮೊದಲು ನೆನಪಾಗುವುದು ಅದೇ.

ಹತ್ತಿರದಲ್ಲೇ ನೀರಿನ ಅಂಚಿಗೆ ಬೆಲೇಂ ಗೋಪುರ ಇದೆ. ಅದರ ಒಂದು ಮೂಲೆಯ ಕೆಳಗೆ ಖಡ್ಗಮೃಗದ ತಲೆ ಕೆತ್ತಿದ್ದಾರೆ, ಈಗ ಮಳೆಗಾಳಿಗೆ ಸವೆದಿದೆ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಖಡ್ಗಮೃಗ 1515ರ ಮೇ ತಿಂಗಳಲ್ಲಿ ಲಿಸ್ಬನ್‌ಗೆ ಬಂದಿಳಿಯಿತು. ರೋಮನ್ನರ ಕಾಲದ ಮೇಲೆ ಯುರೋಪ್ ಅಂಥ ಪ್ರಾಣಿ ನೋಡಿರಲಿಲ್ಲ. ದೊರೆ ಮನುವೆಲ್ ಅದನ್ನು ಆನೆಯ ಎದುರು ಬಿಟ್ಟು ನೋಡಿದ. ಆನೆ ಓಡಿಹೋಯಿತು. ಆಮೇಲೆ ಪೋಪ್‌ಗೆ ಕಾಣಿಕೆ ಅಂತ ಹಡಗು ಹತ್ತಿಸಿದರು. ಇಟಲಿಯ ಹತ್ತಿರ ಹಡಗು ಮುಳುಗಿತು. ಸರಪಳಿ ಹಾಕಿದ್ದರಿಂದ ಪಾಪ, ಅದು ಈಜಲೂ ಆಗಲಿಲ್ಲ.

ಆ ಕಾಲದ ಸಿರಿಯ ಜೊತೆಗೆ ಇನ್ನೊಂದು ಮುಖವನ್ನೂ ನೋಡಬೇಕು. 16ನೇ ಶತಮಾನದ ನಡುವಿನ ಲೆಕ್ಕದ ಪ್ರಕಾರ ಊರಿನ ಹತ್ತು ಜನರಲ್ಲಿ ಒಬ್ಬರು ಗುಲಾಮರು, ಹೆಚ್ಚಿನವರು ಆಫ್ರಿಕಾದಿಂದ ತಂದವರು. ಬೈಶಾದ ತುದಿಯಲ್ಲಿ ಸಾವುಂ ದೊಮಿಂಗುಸ್ ಎಂಬ ಇಗರ್ಜಿ ಇದೆ. 1506ರಲ್ಲಿ, ಬಲವಂತದಿಂದ ಕ್ರೈಸ್ತರಾಗಿದ್ದ ಯಹೂದಿಗಳ ಕೊಲೆ ಶುರುವಾದದ್ದು ಅಲ್ಲಿಂದ. ಹೊರಗಿನ ಚೌಕದಲ್ಲಿ ಅವರ ನೆನಪಿನ ಕಲ್ಲು ನಿಲ್ಲಿಸಿದ್ದಾರೆ. ಇಗರ್ಜಿಯ ಒಳಗೆ 1959ರಲ್ಲಿ ಬೆಂಕಿ ಬಿದ್ದಿತ್ತು. ಕಂಬಗಳ ಕಲ್ಲು ಬೆಂಕಿಗೆ ಸಿಡಿದು ಚಕ್ಕೆ ಎದ್ದಿದೆ. ಅದನ್ನು ತಿದ್ದಲು ಹೋಗದೆ ಹಾಗೇ ಬಿಟ್ಟಿದ್ದಾರೆ. ಆ ಊರಿನಲ್ಲಿ ನನಗೆ ತುಂಬಾ ಹತ್ತಿರವಾದ ಒಳಾಂಗಣ ಅದು.

ಈಗ ನಿಮ್ಮ ಮೊದಲ ಪ್ರಶ್ನೆ.

1755ರ ನವೆಂಬರ್ 1, ಶನಿವಾರ. ಎಲ್ಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಇಗರ್ಜಿಗಳಲ್ಲಿ ಜನ ಕಿಕ್ಕಿರಿದಿದ್ದರು, ಮೇಣದಬತ್ತಿಗಳು ಉರಿಯುತ್ತಿದ್ದವು. ಆಗ ನೆಲ ನಡುಗಿತು. ನಿಮಿಷಗಟ್ಟಲೆ ನಡುಗಿತು. ಕಟ್ಟಡಗಳು ಬಿದ್ದವು. ಬದುಕಿದವರು ಬಯಲು ಹುಡುಕಿಕೊಂಡು ನದಿ ದಂಡೆಗೆ ಓಡಿದರು. ಸುಮಾರು ಮುಕ್ಕಾಲು ಗಂಟೆಯೊಳಗೆ ಅಲ್ಲಿಗೇ ಸುನಾಮಿ ಬಂತು. ಊರನ್ನು ಅಷ್ಟು ಕಾಲ ಕಾಪಾಡಿದ್ದ ಹೂಜಿಯ ಕುತ್ತಿಗೆಯಿಂದಲೇ ಸಮುದ್ರ ಒಳಗೆ ನುಗ್ಗಿತು. ಬಿದ್ದ ಮೇಣದಬತ್ತಿ, ಅಡುಗೆ ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ನದಿ ದಂಡೆಯ ಅರಮನೆ, ಅದರ ಪುಸ್ತಕ ಭಂಡಾರ, ಅದೇ ವರ್ಷ ತೆರೆದ ಒಪೆರಾ ಮಂದಿರ, ಎಲ್ಲವೂ ಹೋಯಿತು.

ಹೂಳಿನ ಮಾತು ನೆನಪಿದೆ ಅಲ್ವಾ? ಗಟ್ಟಿ ನೆಲಕ್ಕಿಂತ ನೀರು ಕುಡಿದ ಸಡಿಲ ಮಣ್ಣಿನಲ್ಲಿ ನಡುಕ ಜಾಸ್ತಿ. ಬೈಶಾ ಪೂರ್ತಿ ನೆಲಸಮ ಆಯಿತು. ಅಲ್ಫಾಮಾಕ್ಕೂ ಪೆಟ್ಟು ಬಿತ್ತು, ಆದರೆ ದಿಬ್ಬದ ಗಟ್ಟಿ ನೆಲದ ಮೇಲೆ ಇದ್ದುದರಿಂದ ಅದರ ಓಣಿಗಳ ಜಾಡು ಉಳಿಯಿತು. ನಿಮ್ಮ ಮಗಳು ಐದು ನಿಮಿಷದಲ್ಲಿ ದಾಟುವ ಗೆರೆ ಇದೇ. ಈಚೆ 1755ಕ್ಕಿಂತ ಮೊದಲಿನ ಊರು, ಆಚೆ ನಂತರದ್ದು.

ದೊರೆ ಜೊಸೆ ಅವತ್ತು ಬೆಲೇಂ ಕಡೆ ಇದ್ದುದರಿಂದ ಉಳಿದುಕೊಂಡ. ಆಮೇಲೆ ಅವನು ಕಲ್ಲಿನ ಸೂರಿನಡಿ ಮಲಗಲು ಹೆದರಿ, ದಿಬ್ಬದ ಮೇಲೆ ಮರದ ಅರಮನೆ ಕಟ್ಟಿಸಿಕೊಂಡು ಸಾಯುವವರೆಗೂ ಅಲ್ಲೇ ಇದ್ದ. ಊರು ಕಟ್ಟುವ ಕೆಲಸ ಅವನ ಮಂತ್ರಿಯ ಪಾಲಿಗೆ ಬಂತು. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಅಂತ ಹೆಸರಾದವನು. ತುಂಬಾ ಕಠಿಣ ಮನುಷ್ಯ, ತನಗಾಗದವರನ್ನು ನೇಣಿಗೆ, ಸೆರೆಗೆ ಕಳಿಸಿದವನು. ಆದರೆ ಅವನು ಮಾಡಿದ ಒಂದು ಕೆಲಸಕ್ಕೆ ನಮ್ಮ ವೃತ್ತಿಯವರು ಇವತ್ತಿಗೂ ಕೈ ಮುಗಿಯುತ್ತೇವೆ. ದೇಶದ ಪ್ರತಿ ಊರಿನ ಪಾದ್ರಿಗೂ ಒಂದು ಪ್ರಶ್ನೆಪಟ್ಟಿ ಹೋಯಿತು. ನಡುಕ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು, ಯಾವ ದಿಕ್ಕಿನಿಂದ ಜೋರಾಗಿತ್ತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಬಾವಿಗಳ ನೀರು ಏನಾಯಿತು? ಆ ಉತ್ತರಗಳು ಲಿಸ್ಬನ್‌ನ ಪತ್ರಾಗಾರದಲ್ಲಿ ಇವೆ. ದೇವರ ಕೋಪ ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಒಂದು ಸರ್ಕಾರ ಕೂತು ಹೀಗೆ ಲೆಕ್ಕ ಕೇಳಿತಲ್ಲ, ಅದು ದೊಡ್ಡದು.

ನಕ್ಷೆಯ ಹೊಣೆ ಹೊತ್ತವರು ಮನುವೆಲ್ ದ ಮಾಯಾ, ಆಗ ಅವರಿಗೆ 78ರ ಆಸುಪಾಸು. ಅವರು ಹಲವು ದಾರಿಗಳನ್ನು ಮುಂದಿಟ್ಟರು. ಇದ್ದ ಹಾಗೇ ಕಟ್ಟುವುದು, ರಸ್ತೆ ಅಗಲ ಮಾಡುವುದು, ಊರನ್ನೇ ಬೆಲೇಂ ಕಡೆಗೆ ಒಯ್ಯುವುದು, ಹೀಗೆ. ಕೊನೆಗೆ ಬೈಶಾವನ್ನು ಪೂರ್ತಿ ಸಮ ಮಾಡಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಅವಶೇಷವನ್ನೇ ಹಾಸಿ ನೆಲ ಎತ್ತರಿಸಿದರು. ಎವುಜೆನಿಯು ದುಸ್ ಸಾಂತುಸ್ ಎಳೆದ ನೇರ ರಸ್ತೆಗಳೇ ಇವತ್ತು ನೀವು ನೋಡುವುದು. ಹೆಸರುಗಳನ್ನು ಓದಿ: ಚಿನ್ನದ ಬೀದಿ, ಬೆಳ್ಳಿ ಬೀದಿ, ಚಮ್ಮಾರರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ. ನಮ್ಮ ಹಳೇ ಪೇಟೆಗಳ ಹಾಗೇ ಕಸುಬಿಗೊಂದು ಬೀದಿ. ಅರಮನೆ ಇದ್ದ ಜಾಗವನ್ನು ಖಾಲಿ ಬಿಟ್ಟು ವ್ಯಾಪಾರದ ಚೌಕ ಅಂತ ಹೆಸರಿಟ್ಟರು. ಆದರೆ ಜನ ಇನ್ನೂ 'ತೆರ್ರೆಯ್ರು ದು ಪಾಸು' ಎನ್ನುತ್ತಾರೆ, ಅಂದರೆ ಅರಮನೆ ಅಂಗಳ. ಅರಮನೆ ಹೋಗಿ 270 ವರ್ಷ ಆಯಿತು, ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು.

ನನ್ನ ಕೆಲಸದ ವಿಷಯ ಬಂದಾಗ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಆ ಕಟ್ಟಡಗಳು ಹೊರಗಿನಿಂದ ಸಾದಾ, ಒಂದರ ಹಾಗೆ ಇನ್ನೊಂದು. ವಿಶೇಷ ಇರುವುದು ಗೋಡೆಯ ಒಳಗೆ. ಒಂದು ಮನೆಯ ಮೂರನೇ ಮಹಡಿಯಲ್ಲಿ ನಾವು ಒಳಗೋಡೆಯ ಗಿಲಾವು ಕೆತ್ತಿದೆವು. ಸುಣ್ಣದ ಗಾರೆ ಹೆಪ್ಪಾಗಿ ಬಿತ್ತು. ಅದರ ಹಿಂದೆ ಕೈಗಾತ್ರದ ಮರದ ಪಟ್ಟಿಗಳು ಕಾಣಿಸಿದವು. ನಿಂತವು ಕೆಲವು, ಮಲಗಿದವು ಕೆಲವು, ನಡುವೆ ಕತ್ತರಿಯಂತೆ ಅಡ್ಡಡ್ಡ ಕೂರಿಸಿದವು. ಸಂದಿಗಳಲ್ಲಿ ಮುರಿದ ಇಟ್ಟಿಗೆ, ಕಲ್ಲುಚೂರು. ಒಂದು ಕತ್ತರಿ ಕೂಡುವ ಕಡೆ ಬಡಗಿ ಉಳಿಯಿಂದ ಹಾಕಿದ ಗೀಟು ಹಾಗೇ ಇತ್ತು. ಬೆರಳು ಸವರಿದರೆ ತಿಳಿಯುತ್ತಿತ್ತು. ಇದನ್ನು 'ಗಾಯೋಲಾ' ಎನ್ನುತ್ತಾರೆ, ಪಂಜರ. ನೆಲ ನಡುಗಿದರೆ ಕಲ್ಲು ಉದುರಬಹುದು, ಆದರೆ ಮರದ ಪಂಜರ ಬಳುಕಿ ನಿಲ್ಲುತ್ತದೆ, ಮಹಡಿಗಳು ಜನರ ಮೇಲೆ ಬೀಳುವುದಿಲ್ಲ. ಮಾದರಿ ನಿಲ್ಲಿಸಿ ಸುತ್ತ ಸೈನಿಕರಿಂದ ಜೋರಾಗಿ ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದರು ಅನ್ನುವ ಮಾತಿದೆ. ಎರಡು ಮನೆಗಳ ನಡುವಿನ ಗೋಡೆಯನ್ನು ಚಾವಣಿಗಿಂತ ಮೇಲಕ್ಕೆ ಎತ್ತಿದರು, ಬೆಂಕಿ ದಾಟದಿರಲಿ ಅಂತ. ಕೆಳಗೆ ಹೂಳಿನಲ್ಲಿ ಪೈನ್ ಮರದ ಗೂಟಗಳನ್ನು ಸಾಲಾಗಿ ಹೊಡೆದು ಅದರ ಮೇಲೆ ಪಾಯ ಹಾಕಿದರು. ಆ ಮರ ನೀರಿನಲ್ಲಿ ಮುಳುಗಿ ಇರುವವರೆಗೆ ಕೊಳೆಯುವುದಿಲ್ಲ. ಚರ್ಮದ ಕೆಲಸದವರ ಬೀದಿಯಲ್ಲಿ ಒಂದು ಬ್ಯಾಂಕಿನ ಕಟ್ಟಡದ ನೆಲದಡಿ ಈ ಗೂಟಗಳನ್ನೂ, ಅವುಗಳ ಜೊತೆಗೆ ರೋಮನ್ನರು ಮೀನಿಗೆ ಉಪ್ಪು ಹಾಕುತ್ತಿದ್ದ ತೊಟ್ಟಿಗಳನ್ನೂ ನೋಡಬಹುದು. ತಪ್ಪಿಸಬೇಡಿ. ಎರಡು ಸಾವಿರ ವರ್ಷ ಒಂದೇ ಕೋಣೆಯಲ್ಲಿ ಇದೆ.

ನನಗೆ ಬೇಸರ ತರುವ ವಿಷಯವೂ ಇದೇ. ಅಂಗಡಿ ಅಗಲ ಮಾಡಲು, ಲಿಫ್ಟ್ ಕೂರಿಸಲು, ಹಲವು ಕಡೆ ಈ ಒಳಗೋಡೆಗಳನ್ನು ಕತ್ತರಿಸಿದ್ದಾರೆ. ಪಂಜರದ ಒಂದು ಕಡ್ಡಿ ತೆಗೆದರೆ ಉಳಿದದ್ದೂ ಸಡಿಲ. ಭೂಕಂಪ ಮತ್ತೆ ಬರುವ ಜಾಗ ಅದು.

ಎಲ್ಲವನ್ನೂ ಅವರು ತಿರುಗಿ ಕಟ್ಟಲಿಲ್ಲ. ಬಲದ ದಿಬ್ಬದ ಮೇಲೆ ಕಾರ್ಮು ಮಠದ ಇಗರ್ಜಿಗೆ ಇವತ್ತಿಗೂ ಚಾವಣಿ ಇಲ್ಲ. ಕಮಾನುಗಳ ಪಕ್ಕೆಲುಬು ಮಾತ್ರ, ಮೇಲೆ ಆಕಾಶ. ಅದರ ಮುಂದಿನ ಸಣ್ಣ ಚೌಕದಲ್ಲೇ ಆ ದೇಶದ ಹೊಸ ಇತಿಹಾಸ ಶುರುವಾಯಿತು. 1974ರ ಏಪ್ರಿಲ್ 25ರಂದು ಯುವ ಸೇನಾಧಿಕಾರಿಗಳು ನಾಲ್ಕು ದಶಕಗಳ ಸರ್ವಾಧಿಕಾರವನ್ನು ಬೀಳಿಸಿದರು. ಪಕ್ಕದ ರಿಪಬ್ಲಿಕನ್ ಗಾರ್ಡ್ ಪಡೆಯ ಠಾಣ್ಯದಲ್ಲಿ ಅಡಗಿದ್ದ ಪ್ರಧಾನಿ ಕಯತಾನು ಅವತ್ತು ಸಂಜೆ ಅಲ್ಲೇ ಶರಣಾದರು. ಜನ ಸೈನಿಕರ ಬಂದೂಕಿನ ಬಾಯಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ನದಿಯ ಮೇಲಿನ ದೊಡ್ಡ ಕೆಂಪು ತೂಗುಸೇತುವೆ 1966ರಲ್ಲಿ ತೆರೆದಾಗ ಅದಕ್ಕೆ ಸರ್ವಾಧಿಕಾರಿ ಸಲಜಾರ್ ಹೆಸರಿತ್ತು. ಆಮೇಲೆ ಏಪ್ರಿಲ್ 25 ಅಂತ ಬದಲಾಯಿಸಿದರು. ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡದ್ದೂ 1974ರ ಕೊನೆಗೆ. ಗೋವಾ ಮೂಲದ ತಂದೆಯ ಮಗ ಆಂತೋನಿಯು ಕೋಸ್ತಾ ಮುಂದೆ ಲಿಸ್ಬನ್ ಮೇಯರ್ ಆದರು, ಆಮೇಲೆ ಪ್ರಧಾನಿಯಾದರು.

ಊರಿನ ಸ್ವಭಾವ ಹೇಗೆ ಅಂತಲೂ ನೀವು ತಿಳಿಯಬೇಕು. ಲಿಸ್ಬನ್ ಜೋರು ಊರಲ್ಲ. ಊರೊಳಗೆ ಇರುವವರು ಐದೂವರೆ ಲಕ್ಷ, ಸುತ್ತಲಿನದು ಸೇರಿದರೆ ಸುಮಾರು 28 ಲಕ್ಷ. ಏರಿನ ಊರಾದ್ದರಿಂದ ಎಲ್ಲರೂ ನಿಧಾನ. ದಿಬ್ಬದ ತುದಿಗಳಲ್ಲಿ 'ಮಿರಾದೋರು' ಎಂಬ ಕಟ್ಟೆಗಳಿವೆ. ಸಂಜೆ ಅಲ್ಲಿ ಕೂತು ಹೆಂಚಿನ ಮನೆಗಳನ್ನೂ ನೀರನ್ನೂ ಮಾತಿಲ್ಲದೆ ನೋಡುವುದು ಅಲ್ಲಿನವರಿಗೆ ಅಭ್ಯಾಸ. ಬೆಳಕು ಬಹಳ ಚೆನ್ನ. ಅಗಲದ ನೀರು, ತಿಳಿ ಬಣ್ಣದ ಗೋಡೆ, ಮಿರುಗುವ ಟೈಲ್ಸ್, ಕಾಲಡಿ ಬಿಳಿ ಸುಣ್ಣಕಲ್ಲಿನ ಚೂರು ಹಾಸಿದ ಕಾಲುದಾರಿ, ಎಲ್ಲವೂ ಬಿಸಿಲನ್ನು ತಿರುಗಿಸಿ ಕೊಡುತ್ತವೆ. ಆ ಕಲ್ಲು ಸವೆದು ನುಣುಪಾಗಿದೆ, ಇಳಿಯುವಾಗ ಜಾರುತ್ತದೆ. ರಬ್ಬರ್ ಅಟ್ಟೆಯ ಶೂ ಹಾಕಿಕೊಳ್ಳಿ, ಮಂಡಿ ನೋವಿದ್ದರೆ ಅಲ್ಫಾಮಾವನ್ನು ಮೇಲಿನಿಂದ ಕೆಳಗೆ ನೋಡಿ. 28ನೇ ನಂಬರಿನ ಹಳದಿ ಟ್ರಾಮ್ ಬೆಳಗ್ಗೆ ಬೇಗ ಹತ್ತಿದರೆ ಸೀಟು ಸಿಗುತ್ತದೆ. ಏರು ಹತ್ತಿಸುವ ಹಗ್ಗದ ಗಾಡಿಗಳಲ್ಲಿ ಒಂದಾದ ಗ್ಲೋರಿಯಾ 2025ರ ಸೆಪ್ಟೆಂಬರ್ 3ರಂದು ಹಳಿ ತಪ್ಪಿ 16 ಜನ ತೀರಿಕೊಂಡರು. ಊರು ಇನ್ನೂ ಆ ನೋವಿನಲ್ಲಿದೆ. ಯಾವ ಗಾಡಿ ಓಡುತ್ತಿದೆ ಅಂತ ಮಗಳ ಹತ್ತಿರ ಮೊದಲೇ ಕೇಳಿಕೊಳ್ಳಿ.

ಕಿವಿಯನ್ನೂ ತೆರೆದಿಟ್ಟುಕೊಳ್ಳಿ. ಚಾವಿ, ಬಾಲ್ದಿ, ಅನಾನಸ್, ಪಾದ್ರಿ, ಬಟಾಟೆ, ಇವೆಲ್ಲ ಅವರಿಂದ ನಮಗೆ ಬಂದ ಮಾತುಗಳು. ಉಚ್ಚಾರಣೆ ಸ್ವಲ್ಪ ಬೇರೆ, ಆದರೆ ಮಾರ್ಕೆಟ್‌ನಲ್ಲಿ ನಿಂತರೆ ಗುರುತು ಸಿಗುತ್ತದೆ.

ಜೂನ್‌ನಲ್ಲಿ ಹೋಗುತ್ತಿರುವುದು ಒಳ್ಳೆಯದಾಯಿತು. ಶಿವಮೊಗ್ಗದಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಒಣ ಬಿಸಿಲು, ಅಲ್ಲಿನ ಮಳೆ ಚಳಿಗಾಲದ್ದು. ಮಧ್ಯಾಹ್ನದ ಮೇಲೆ ಉತ್ತರದ ಗಾಳಿ ಬೀಸುತ್ತದೆ, ಒಂದು ತೆಳು ಸ್ವೆಟರ್ ಇರಲಿ. ಮೊದಲ ದಿನ ಅರಮನೆ ಅಂಗಳದ ನದಿ ಕಡೆಯ ಮೆಟ್ಟಿಲಿಗೆ ಹೋಗಿ. ಎರಡು ಕಂಬಗಳ ನಡುವೆ ಅಮೃತಶಿಲೆಯಂಥ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಕೂತು ನೋಡುತ್ತಿದ್ದರೆ ಉಬ್ಬರ ಬರುತ್ತಾ ಒಂದೊಂದೇ ಮೆಟ್ಟಿಲು ಮುಳುಗುತ್ತದೆ. ನದಿಯೋ ಸಮುದ್ರವೋ ಅಂತ ಕೇಳಿದಿರಲ್ಲ, ಅಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪು.

ಜೂನ್ 12ರ ರಾತ್ರಿ ಸಾಂತು ಆಂತೋನಿಯು ಹಬ್ಬ. ಆ ಸಂತ ಹುಟ್ಟಿದ್ದು ಇದೇ ಊರಲ್ಲಿ. ಅಲ್ಫಾಮಾದ ಓಣಿ ಓಣಿಯಲ್ಲೂ ಕೆಂಡದ ಮೇಲೆ ಬೂತಾಯಿ ಸುಡುತ್ತಾರೆ, ಹೊಗೆಯಲ್ಲಿ ಎದುರು ಮನೆ ಕಾಣುವುದಿಲ್ಲ. ವರ್ಷವಿಡೀ ಬಾಡಿಗೆ ಏರಿ ಏರಿ ಊರು ಬಿಟ್ಟು ಹೋದ ಹಳೇ ಮನೆಯವರು ಅವತ್ತು ತಮ್ಮ ಓಣಿಗೆ ವಾಪಸ್ ಬರುತ್ತಾರೆ. ಸಣ್ಣ ಕುಂಡಗಳಲ್ಲಿ 'ಮಂಜೆರಿಕು' ಎಂಬ ಗಿಡ ಮಾರುತ್ತಾರೆ. ನಮ್ಮ ಕಾಮಕಸ್ತೂರಿಯ ಹತ್ತಿರದ ನೆಂಟ, ಎಲೆ ಮಾತ್ರ ಇನ್ನೂ ಚಿಕ್ಕದು. ಒಂದನ್ನು ಮಗಳ ರೂಮಿಗೆ ಕೊಂಡುಕೊಳ್ಳಿ. ಆದರೆ ಬಗ್ಗಿ ಮೂಗಿಟ್ಟು ಮೂಸಬೇಡಿ, ಹಾಗೆ ಮಾಡಿದರೆ ಗಿಡ ಬಾಡುತ್ತದೆ ಅಂತ ಅಲ್ಲಿನ ಅಜ್ಜಿಯರು ಗದರುತ್ತಾರೆ. ಅಂಗೈಯನ್ನು ಎಲೆಗಳ ಮೇಲೆ ಮೆಲ್ಲಗೆ ಸವರಿ, ಆಮೇಲೆ ಅಂಗೈಯನ್ನು ಮೂಸಿ.